ನೆತ್ತಿಯ ಮೇಲಿನ ಗದ್ದ

ನನಗೆ ಎಷ್ಟು ಕೇಳಿಸಬೇಕು ಎಂಬುದು ನನ್ನ ಗಂಡ ಸಿಲ್ವೆಸ್ಟರನ ಫೋನಿನಲ್ಲಿದೆ.

ಚಿಕ್ಕಂದಿನಲ್ಲಿ ಕೀವು ಸೋರಿ ಸೋರಿ ನನ್ನ ಎರಡೂ ಕಿವಿಗಳ ದಾರಿ ಮುಚ್ಚಿಹೋಯಿತು. ಒಳಗಿನ ನರ ಚೆನ್ನಾಗಿದೆ. ಹೋದ ವರ್ಷ ಹಾಸನದ ಕಿವಿ ಆಸ್ಪತ್ರೆಯಲ್ಲಿ ಚೈತ್ರಶ್ರೀ ಎಂಬ ಹುಡುಗಿ ನನ್ನ ತಲೆಗೊಂದು ಪಟ್ಟಿ ಕಟ್ಟಿ, ಕಿವಿಯ ಹಿಂದಿನ ಮೂಳೆಗೆ ಒತ್ತುವಂತೆ ಚಿಕ್ಕ ಯಂತ್ರ ಕೂರಿಸಿದಳು. ಅದು ಸದ್ದನ್ನು ನಡುಕವಾಗಿಸಿ ತಲೆಬುರುಡೆಗೆ ಕೊಡುತ್ತದೆ. ಹೆಚ್ಚು ಕಡಿಮೆ ಮಾಡಲು ಆ್ಯಪ್ ಬೇಕು. ನನ್ನದು ಬಟನ್ ಫೋನ್. ಗಂಡನ ಫೋನಿಗೆ ಹಾಕಿ ಅಂತ ನಾನೇ ಹೇಳಿದೆ.

ಮೊದಮೊದಲು ಅವನು ಕಾಳಜಿಯಿಂದಲೇ ಮಾಡಿದ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಓಡುವಾಗ ನನಗೆ ತಲೆನೋವು ಬರುತ್ತದೆಂದು ಸದ್ದು ತಗ್ಗಿಸುತ್ತಿದ್ದ. ಒಂದೇ ಸಮನೆ ಇರುವ ಸದ್ದನ್ನು ಯಂತ್ರ ಗುರುತಿಸಿ ತೆಗೆಯುತ್ತದೆ, ಮಾತನ್ನು ಉಳಿಸುತ್ತದೆ ಎಂದಿದ್ದಳು ಚೈತ್ರಶ್ರೀ. ಮಾತನ್ನೂ ತೆಗೆಯಬಹುದೆಂದು ಸಿಲ್ವೆಸ್ಟರ್ ತಾನೇ ಕಂಡುಕೊಂಡ. ಪಾದ್ರಿಗಳು ಬಂದಾಗ ತೆಗೆದ. ನನ್ನ ತವರಿನವರು ಬಂದಾಗ ತೆಗೆದ. ಯಂತ್ರದ ಮೇಲಿದ್ದ ಗುಂಡಿಯನ್ನೂ ಆ್ಯಪಿನಲ್ಲೇ ಕೆಲಸ ಮಾಡದಂತೆ ಮಾಡಿಟ್ಟ. ಕೂದಲು ತಾಗಿ ಒತ್ತಿಹೋಗುತ್ತದಂತೆ.

ಅವನ ಗೆಳೆಯ, ಯಸಳೂರಿನ ಲಿಂಗಪ್ಪ ಇದನ್ನು ನೋಡಿ ಹೊಟ್ಟೆಕಿಚ್ಚುಪಟ್ಟ.

"ನಮ್ಮೋಳ್ಗೂ ಒಂದು ಹಾಕ್ಸು ಮಾರಾಯ. ಬೆಳಗಾದ್ರೆ ಬಾಯಿ ನಿಲ್ಸಲ್ಲ."

"ಇದು ಬಾಯಿಗಲ್ಲ ಕಣೋ, ಕಿವಿಗೆ."

"ಕಿವಿ ಕಟ್ಟಿದ್ರೆ ಬಾಯಿ ತಾನಾಗೇ ಕಟ್ತದೆ ಬುಡು."

ಆವತ್ತು ಸದ್ದು ಇತ್ತು. ನಾನೂ ನಕ್ಕೆ.

ಲಿಂಗಪ್ಪ ಹೇಳಿದ್ದು ಸುಳ್ಳೂ ಅಲ್ಲ. ನನ್ನ ದನಿ ನನ್ನ ತಲೆಯೊಳಗೆ ಗಂಟೆಯ ಹಾಗೆ ಮೊಳಗುತ್ತದೆ. ಸಾಕು ಅಂದುಕೊಂಡು ಮೆಲ್ಲಗೆ ಮಾತಾಡುತ್ತೇನೆ. ಹೊರಗೆ ಯಾರಿಗೂ ಕೇಳುವುದಿಲ್ಲ.

ಅಕ್ಕ ಜೆಸಿಂತಾ ಮಂಗಳೂರಿನಲ್ಲಿ ಕಿವುಡು ಮಕ್ಕಳ ಹಾಸ್ಟೆಲಿನ ವಾರ್ಡನ್. ಅಲ್ಲಿ ಹೊಲಿಗೆ ಕಲಿಸಲು ಒಬ್ಬಳು ಬೇಕು ಎಂದು ಬರೆದಿದ್ದಳು. ಭಾನುವಾರ ಬರುತ್ತೇನೆ, ನಿನ್ನ ಬಾಯಿಂದಲೇ ಹೂಂ ಅನ್ನಬೇಕು, ನಾಲ್ಕರ ಬಸ್ಸಿಗೆ ಇಬ್ಬರೂ ಹೊರಡೋಣ. ಆ ಕಾಗದವನ್ನು ಸಿಲ್ವೆಸ್ಟರ್ ಓದಿಯೇ ನನಗೆ ಕೊಟ್ಟಿದ್ದ. ನಾನು ಬ್ಯಾಗಿಗೆ ಬಟ್ಟೆ ತುಂಬಿ ಮಂಚದಡಿ ತಳ್ಳಿದ್ದೆ.

ಭಾನುವಾರ ಮಧ್ಯಾಹ್ನದ ಊಟ ಮುಗಿಯಿತು. ಜೆಸಿಂತಾ ನನ್ನ ಕಡೆ ತಿರುಗಿ ಬಾಯಿ ತೆರೆದಳು. ತಟ್ಟೆಯ ಪಕ್ಕದ ಫೋನಿನ ಮೇಲೆ ಸಿಲ್ವೆಸ್ಟರನ ಹೆಬ್ಬೆರಳು ಜಾರಿತು. ಕಿಟಕಿಯಾಚೆ ಓಡುತ್ತಿದ್ದ ಪಲ್ಪರ್ ಸದ್ದಿಲ್ಲದೆ ತಿರುಗತೊಡಗಿತು. ಅಕ್ಕನ ತುಟಿ ಆಡಿತು, ನಿಂತಿತು. ಉತ್ತರ ಅವನು ಕೊಟ್ಟ. ಅವನ ತುಟಿಗಳನ್ನು ಹನ್ನೆರಡು ವರ್ಷದಿಂದ ಓದುತ್ತಿದ್ದೇನೆ: ಅವಳಿಗೆ ಇಷ್ಟ ಇಲ್ಲ.

ಬರ್ತೀನಿ, ಅಂದೆ. ತಲೆ ತುಂಬ ಮೊಳಗಿತು. ಯಾರೂ ತಿರುಗಲಿಲ್ಲ. ಮತ್ತೆ ಅಂದೆ. ಸಿಲ್ವೆಸ್ಟರ್ ತನ್ನ ಕಿವಿ ಮುಟ್ಟಿ ತೋರಿಸಿ, ಪಾಪ ಎಂಬಂತೆ ತಲೆಯಾಡಿಸಿದ.

ಜೆಸಿಂತಾ ಎದ್ದು ನನ್ನ ಕುರ್ಚಿಯ ಹಿಂದೆ ಬಂದಳು. ನನ್ನ ನೆತ್ತಿಯ ಮೇಲೆ ಗದ್ದ ಊರಿದಳು. ಚಿಕ್ಕವರಿದ್ದಾಗ ಸಂಜೆಯ ಜಪಮಾಲೆಯನ್ನು ಅವಳು ನನಗೆ ಹೀಗೇ ಹೇಳಿಕೊಡುತ್ತಿದ್ದಳು. ಅವಳ ದವಡೆ ಅಲುಗಿತು. ಮಾತು ಮೂಳೆಯಿಂದ ಮೂಳೆಗೆ ಇಳಿಯಿತು.

"ಪೆಟ್ರೀಷಿಯಾ, ಬರ್ತೀಯಾ? ಕೂಗಿ ಹೇಳು."

ಕೂಗಿದೆ. ಬುರುಡೆ ಸೀಳಿದ ಹಾಗಾಯಿತು. ಅಂಗಳದಾಚೆ, ಪಲ್ಪರ್ ಪಕ್ಕದಲ್ಲಿದ್ದ ಆಳು ಹುಚ್ಚಣ್ಣ ಬುಟ್ಟಿ ಹಿಡಿದುಕೊಂಡೇ ತಿರುಗಿ ನೋಡಿದ.

ಸಿಲ್ವೆಸ್ಟರ್ ಫೋನೆತ್ತಿಕೊಂಡು ಸದ್ದನ್ನು ತುದಿಯವರೆಗೂ ಏರಿಸಿದ. ನನ್ನನ್ನು ಒಪ್ಪಿಸಬೇಕಾದರೆ ಅವನಿಗೆ ನನ್ನ ಕಿವಿ ಬೇಕಿತ್ತು. ಪಲ್ಪರ್, ತಟ್ಟೆ, ಅವನ ಉಸಿರು ಎಲ್ಲ ಒಟ್ಟಿಗೆ ನುಗ್ಗಿದವು.

"ನಿನ್ ಒಳ್ಳೇದಕ್ಕೇ ಮಾಡಿದ್ದು ಕಣೇ. ಅಲ್ಲಿ ನಿನ್ನ ಯಾರು ನೋಡ್ಕೋತಾರೆ? ಮೆಷಿನ್ನು ನನ್ ಫೋನಲ್ಲೈತೆ."

ಒಂದಕ್ಷರವೂ ಬಿಡದೆ ಕೇಳಿಸಿತು. ಬ್ಯಾಗ್ ತರಲು ಎದ್ದೆ.

ಕೋಣೆಯಲ್ಲಿ ಬಗ್ಗಿದಾಗ ಸದ್ದು ಇಳಿಯತೊಡಗಿತು; ಆಚೆ ಅವನ ಹೆಬ್ಬೆರಳು ಮತ್ತೆ ಜಾರಿರಬೇಕು. ಪಲ್ಪರ್ ಹೋಯಿತು, ಅಕ್ಕನ ಬಳೆ ಹೋಯಿತು, ಕೊನೆಗೆ ಅವನ ದನಿಯೂ. ಬ್ಯಾಗ್ ಎಳೆದುಕೊಂಡು ಹೊರಟೆ. ಸಿಮೆಂಟ್ ನೆಲದ ಮೇಲೆ ನನ್ನ ಹೆಜ್ಜೆಯ ಸದ್ದು ಮಾತ್ರ ಇಳಿಯಲಿಲ್ಲ. ಅದು ಹಿಮ್ಮಡಿಯಿಂದ ಹೊರಟು ಮೂಳೆ ಹಿಡಿದೇ ಮೇಲೆ ಬರುತ್ತಿತ್ತು.