ಕೂಗಿಸಲಾಗಿ, ಗೈರುಹಾಜರು

ಕೋರ್ಟಿನ ಬಾಗಿಲಲ್ಲಿ ನಿಂತು ವಾದಿ ಪ್ರತಿವಾದಿಗಳ ಹೆಸರು ಕೂಗುವ ಕೆಲಸ ಅವಳದು. ಹತ್ತೊಂಬತ್ತು ವರ್ಷದಿಂದ ಒಂದೊಂದು ಹೆಸರನ್ನೂ ಮೂರು ಮೂರು ಸಲ ಕೂಗಿದ್ದಾಳೆ. ಕಂಚಿನ ಕಂಠ ಅಂತ ವಕೀಲರೇ ಅವಳಿಗೆ ಕಂಚಕ್ಕ ಎಂದು ಹೆಸರಿಟ್ಟಿದ್ದರು. ಅವಳು ಕೂಗಿದರೆ ಮೇಲಿನ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಿದ್ದ ಸಾಕ್ಷಿಯೂ ಲೋಟ ಬಿಟ್ಟು ಓಡಿ ಬರುತ್ತಿದ್ದ. ಸುಳ್ಳು ಸಾಕ್ಷಿಯಾದರೆ ಇನ್ನೂ ಬೇಗ ಬರುತ್ತಿದ್ದ.

ಆ ಕಂಚು ಹೋಗಿ ಏಳು ತಿಂಗಳಾಯಿತು. ಕತ್ತಿನ ಗಂಟು ನೋಡಿ ಡಾಕ್ಟರು ಥೈರಾಯ್ಡ್ ಕ್ಯಾನ್ಸರ್ ಅಂದರು. ಅಂದ ಬಾಯಲ್ಲೇ, "ಹೆದರ್ಬೇಡಿ, ಇದು ಒಳ್ಳೆ ಕ್ಯಾನ್ಸರ್" ಅಂದರು. ಒಳ್ಳೆ ಕ್ಯಾನ್ಸರಂತೆ! ಒಳ್ಳೆ ಬಾಡಿಗೆ ಮನೆ ಸಿಕ್ಕಿತು ಅನ್ನುವ ಹಾಗೆ. ಅವತ್ತಿನಿಂದ ಬಂದವರು ಹೋದವರೆಲ್ಲ ಅದನ್ನೇ ಹೇಳಿ ಅವಳ ಮೈ ಉರಿಸಿದ್ದಾರೆ.

ಮನೆಯಲ್ಲಿ ಅವಳನ್ನು ಅಳೆಯಲು ನಾದಿನಿಯೇ ಅಳತೆಗೋಲು. ಎರಡು ವರ್ಷದ ಹಿಂದೆ ಅವಳಿಗೂ ಅದೇ ಕಾಯಿಲೆ. ಸಣ್ಣ ಗಂಟು, ಅರ್ಧ ಗ್ರಂಥಿ ತೆಗೆದರು. ಹದಿನೈದು ದಿನಕ್ಕೆ ಕೆಲಸಕ್ಕೆ ಹೋದಳು, ಮಾತ್ರೆಯೂ ಬೇಕಾಗಲಿಲ್ಲ. ಕಂಚಕ್ಕನಿಗೆ ಇಡೀ ಗ್ರಂಥಿಯನ್ನೇ ತೆಗೆದು, ಕತ್ತಿನ ಪಕ್ಕದ ಗಂಟುಗಳನ್ನೂ ತೆಗೆದಿದ್ದರು. ಧ್ವನಿಯ ನರಕ್ಕೆ ಪೆಟ್ಟಾಗಿತ್ತು. ಕ್ಯಾಲ್ಸಿಯಂ ಇಳಿದರೆ ತುಟಿ, ಬೆರಳೆಲ್ಲ ಜುಮುಜುಮು. ಬೆಳಗಿನ ಖಾಲಿ ಹೊಟ್ಟೆಯ ಮಾತ್ರೆ ಸಾಯುವ ತನಕ ತಪ್ಪಿದ್ದಲ್ಲ.

"ನನ್ನ ತಂಗಿಗೂ ಇದೇ ಆಗಿತ್ತಲ್ಲ, ನಿಂದೇನು ಹೊಸದು?" ಅನ್ನುತ್ತಿದ್ದ ಗಂಡ.

"ಅಣ್ಣಾ, ಅತ್ತಿಗೇದೇ ಬೇರೆ, ನಂದೇ ಬೇರೆ" ಎಂದು ನಾದಿನಿ ಹೇಳಿದ್ದೂ ಅವನ ಕಿವಿಗೆ ಹೋಗಲಿಲ್ಲ. ಅರ್ಧಕ್ಕೂ ಇಡಿಗೂ ವ್ಯತ್ಯಾಸ ತಿಳಿಯದ ಈ ಮಹಾನುಭಾವ, ಟೀ ಅರ್ಧ ಲೋಟ ಬಂದರೆ ಮಾತ್ರ ಮನೆ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದ.

ರಜೆ ಮುಗಿದು ಬಂದವಳೇ, ಕೂಗುವ ಕೆಲಸ ಬಿಡಿಸಿ ದಾಖಲೆ ಕೋಣೆಗೆ ಹಾಕಿ ಎಂದು ಅವಳು ಶಿರಸ್ತೇದಾರರನ್ನು ಕೇಳಿಕೊಂಡಳು. ಡಾಕ್ಟರ ಚೀಟಿ ತಾ ಅಂದರು. ಡಾಕ್ಟರು ಸ್ಕ್ಯಾನು ನೋಡಿದರೇ ಹೊರತು ಅವಳ ಮಾತು ಕೇಳಲಿಲ್ಲ. 'ಸಂಪೂರ್ಣ ಗುಣಮುಖ, ಎಲ್ಲ ಕೆಲಸಕ್ಕೂ ಅರ್ಹರು' ಎಂದು ಬರೆದು ಮೊಹರು ಒತ್ತಿದರು.

"ನೋಡಮ್ಮ, ಅವರೇ ಬರ್ದಿದ್ದಾರೆ. ಕೂಗೋದೇನು ಕಲ್ಲು ಒಡೆಯೋ ಕೆಲಸಾನಾ?" ಎಂದು ಶಿರಸ್ತೇದಾರರು ನಕ್ಕರು. ಅವಳಿಗೆ ಆ ಚೀಟಿಯನ್ನು ಅವರ ಬಾಯಿಗೇ ತುರುಕಬೇಕು ಅನ್ನಿಸಿತು. ಮಡಚಿ ಸಮವಸ್ತ್ರದ ಜೇಬಿಗೆ ಹಾಕಿಕೊಂಡಳು.

ಆ ಸೋಮವಾರ ಮುದುಕ ಟೈಲರ್ ಬಂದಿದ್ದ. ಇರುವ ಮನೆ ಉಳಿಸಿಕೊಳ್ಳಲು ದಾವೆ ಹೂಡಿ ಹನ್ನೊಂದು ವರ್ಷದಿಂದ ಕೋರ್ಟಿಗೆ ಅಲೆಯುತ್ತಿದ್ದ. "ಮಂಡಿನೋವಮ್ಮ, ಆ ಕೊನೇ ಬೆಂಚಲ್ಲಿ ಕೂತಿರ್ತೀನಿ. ನಿನ್ನ ಕೂಗು ಕೇಳುತ್ತಲ್ಲ" ಅಂದ. ಇಲ್ಲೇ ಹತ್ತಿರ ಕೂತ್ಕೊಳ್ಳಿ ಅನ್ನಬೇಕಿತ್ತು. ಹತ್ತೊಂಬತ್ತು ವರ್ಷದ ಹೆಮ್ಮೆ ಬಿಡಬೇಕಲ್ಲ! ತಲೆಯಾಡಿಸಿಬಿಟ್ಟಳು.

ಅವನ ಸರದಿ ಬಂದಾಗ ಅವನ ವಕೀಲರು ಪಕ್ಕದ ಕೋರ್ಟಿನಲ್ಲಿದ್ದರು. ಅವಳು ಬಾಗಿಲಲ್ಲಿ ನಿಂತು ಕೂಗಿದಳು. ಮೊದಲನೆಯದು ಒಡೆದು ಹೋಯಿತು. ಎರಡನೆಯದರಲ್ಲಿ ಬರೀ ಗಾಳಿ. ಮೂರನೆಯದಕ್ಕೆ ಬಾಯಿ ತೆರೆಯಿತು, ಅಷ್ಟೇ. ಕಾರಿಡಾರಿನ ತುದಿಯಲ್ಲಿ ಟೈಲರ್ ಕನ್ನಡಕ ಒರೆಸುತ್ತ ಕೂತಿದ್ದ. ಓಡಿಹೋಗಿ ಕರೆಯೋಣ ಎಂದು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಒಳಗೆ ನ್ಯಾಯಾಧೀಶರು ಬರೆಸುವುದು ಕೇಳಿಸಿತು: "ಮೂರು ಸಲ ಕೂಗಿಸಲಾಗಿ, ವಾದಿ ಗೈರುಹಾಜರು. ದಾವೆ ವಜಾ."

ಅವಳ ಪಿತ್ತ ನೆತ್ತಿಗೇರಿತು. ಸೀದಾ ಒಳಗೆ ಹೋದಳು.

"ಸ್ವಾಮಿ, ಅವರು ಇಲ್ಲೇ ಇದ್ದಾರೆ. ನನ್ನ ಕೂಗೇ ಹೊರಡಲಿಲ್ಲ."

"ಏನಮ್ಮ? ಜೋರಾಗಿ ಹೇಳಿ" ಅಂದರು ನ್ಯಾಯಾಧೀಶರು.

ಮತ್ತೆ ಹೇಳಿದಳು. ಅವರು ಕಿವಿಗೆ ಕೈ ಇಟ್ಟರು. ಮೂರನೇ ಸಲ ಹೇಳಿದಳು. ವಕೀಲರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಅವಳು ಮೇಜಿನ ಹತ್ತಿರಕ್ಕೇ ಹೋಗಿ ಅದರ ಮೇಲೆ ಕೈ ಬಡಿದಳು. "ಮೂರು ಸಲ ಹೇಳ್ದೆ ಸ್ವಾಮಿ. ನಿಮಗೆ ಕೇಳ್ಲಿಲ್ಲ. ಹಂಗಾದ್ರೆ ನಾನೂ ಗೈರುಹಾಜರು ಅಂತ ಬರ್ಕೊಳ್ಳಿ!"

ಇಷ್ಟು ಹತ್ತಿರದಿಂದ ಹೇಳಿದ್ದು ಕೇಳಿಸಿತು. ನ್ಯಾಯಾಧೀಶರು ಬರೆಸಿದ್ದ ಸಾಲಿಗೆ ತಾವೇ ಗೀಟು ಹಾಕಿದರು. ಆಮೇಲೆ ಹಳೇ ಅಭ್ಯಾಸ ನೋಡಿ, "ಸರಿ, ವಾದೀನ ಕೂಗಿ" ಅಂದರು.

ಅವಳು ಕೂಗಲಿಲ್ಲ. ಜೇಬಿನಿಂದ ಡಾಕ್ಟರ ಚೀಟಿ ತೆಗೆದು, ನ್ಯಾಯಾಧೀಶರ ಪೀಠದ ಕೆಳಗೆ ಕೂತಿದ್ದ ಶಿರಸ್ತೇದಾರರ ಮುಂದೆ ಇಟ್ಟಳು.

"ತಗೊಳ್ಳಿ ಸಾರ್. ಎಲ್ಲ ಕೆಲಸಕ್ಕೂ ಅರ್ಹ ಅಂತೆ. ಬಾಗಿಲಲ್ಲಿ ಈ ಚೀಟೀನೇ ನಿಲ್ಲಿಸಿ ಕೂಗಿಸಿ."

ಕಾರಿಡಾರಿನ ತುದಿಗೆ ನಡೆದುಹೋಗಿ ಟೈಲರ್‌ನ ಕೈ ಹಿಡಿದಳು. ಅವನು ಗಾಬರಿಯಾಗಿ, "ನಿನ್ನ ಕೂಗು ಕೇಳ್ಲೇ ಇಲ್ವಲ್ಲಮ್ಮ?" ಅಂದ.

"ಇನ್ಮೇಲೂ ಕೇಳಲ್ಲ ಅಜ್ಜ" ಅಂದಳು ಅವಳು. "ಏಳಿ, ಕರ್ಕೊಂಡು ಹೋಗ್ತೀನಿ."