ಬುಧವಾರ ಶುರುವಾಗುವ ವಾರ

ಕಪ್ಪು ಪರದೆಯ ಮೇಲೆ ಹೆಸರುಗಳು ಒಂದರ ಹಿಂದೊಂದು ಇಳಿಯತೊಡಗಿದವು. ಹಳೆಯ ನೆಂಟರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೇಳದೆ ಕೇಳದೆ ತಮ್ಮ ತಮ್ಮ ಜಾಗ ಹುಡುಕಿಕೊಂಡು ಕೂತಂತೆ. ದಿನಾಂಕ ಲೆಕ್ಕ ಹಾಕುವವನು ಬಂದ. ಕೋಷ್ಟಕ ಎಳೆಯುವವನು ಬಂದ. ಪ್ರಿಂಟರಿನ ಜೊತೆ ಮಾತಾಡಬಲ್ಲ ಒಬ್ಬನೇ ಒಬ್ಬ ಮಹಾನುಭಾವ ಕೊನೆಗೆ, ಎಂದಿನ ಹಾಗೆ ಏದುಸಿರು ಬಿಡುತ್ತ ಬಂದ. ಗುಬ್ಬಿಗೆ ಪ್ರತಿ ಹೆಸರಿನ ಹಿಂದೆಯೂ ಒಂದು ಜಗಳ ನೆನಪಾಗುತ್ತಿತ್ತು.

"ಬಂದ್ರಾ ಎಲ್ಲಾ?" ಎಂದಳು ದೊಡ್ಡಮ್ಮ, ಕಿಟಕಿಯ ಬಳಿಯಿಂದ.

"ಬರ್ತಾ ಇದಾರೆ ದೊಡ್ಡಮ್ಮ. ಒಬ್ಬರೂ ಮರೆತಿಲ್ಲ."

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಆ ಕೋಣೆ ಆಸ್ಪತ್ರೆಯ ಬಟ್ಟೆ ಒಗೆಯುವವರ ಸಂಘದ್ದು. ಕೆಳಗಿನಿಂದ ರಬ್ಬರ್ ಅಂಟಿನ ವಾಸನೆ, ಬೆಲ್ಲು ಪರೀಕ್ಷಿಸುವ ಟ್ರಿಣ್ ಟ್ರಿಣ್. ಮೇಲೆ ಬಂದವರ ಸೀರೆ, ಕೂದಲು, ಉಸಿರಿನಲ್ಲೆಲ್ಲ ಸೋಪಿನ ಹಬೆ. ಆಸ್ಪತ್ರೆ ಎಸೆದ ಇಸ್ತ್ರಿ ಮೇಜೇ ಕಂಪ್ಯೂಟರ್ ಮೇಜು. ಅದರ ಮೇಲಿದ್ದ ಹಳೆಯ ಯಂತ್ರ ಕಳೆದ ವಾರ ಕಣ್ಣು ಮುಚ್ಚಿತ್ತು. ಪಾಳಿಪಟ್ಟಿ ಹಾಕಲೆಂದು ಬರೆದ ಪ್ರೋಗ್ರಾಮಿನ ನಕಲೊಂದು ಗುಬ್ಬಿಯ ಹತ್ತಿರವಿತ್ತು, ಸರಿ. ಆದರೆ ಆ ಪ್ರೋಗ್ರಾಮು ಒಂಟಿ ಕಾಲಿನದಲ್ಲ. ಬೇರೆಯವರು ಬರೆದು ಲೋಕಕ್ಕೆ ಬಿಟ್ಟುಕೊಟ್ಟ ಪ್ಯಾಕೇಜುಗಳೆಂಬ ಪುಟ್ಟ ಪ್ರೋಗ್ರಾಮುಗಳ ಹೆಗಲ ಮೇಲೆ ಕೈಯಿಟ್ಟು ನಡೆಯುವಂಥದು. ಯಾವ ಪ್ಯಾಕೇಜು, ಅದರ ಎಷ್ಟನೇ ಆವೃತ್ತಿ ಎಂದು ಅವು ಬದಲಾಗದಂತೆ ಕಾಯುವ ಬೀಗದ ಫೈಲೊಂದರಲ್ಲಿ ಬರೆದಿಟ್ಟರೆ ಆಯಿತು. ಒಂದು ಆಜ್ಞೆ ಟೈಪು ಮಾಡಿದರೆ ಸಾಕು, ಅಷ್ಟನ್ನೂ ಹೊರಗಿನ ಭಂಡಾರದಿಂದ ಹೊತ್ತು ತರುವ ಸಲಕರಣೆ ಇದೆ. ಹೊಸ ಯಂತ್ರದಲ್ಲಿ ಈಗ ನಡೆಯುತ್ತಿದ್ದದ್ದು ಅದೇ.

ಸಂಜೆ ಆಸ್ಪತ್ರೆಯ ಆಡಳಿತಾಧಿಕಾರಿ ಬರುವವನಿದ್ದ. ಮುಂದಿನ ತಿಂಗಳ ಪಾಳಿಪಟ್ಟಿ ಅಷ್ಟರಲ್ಲಿ ಗೋಡೆಯ ಮೇಲಿರಬೇಕು. ಇಲ್ಲವೋ, ಒಂದನೇ ತಾರೀಖಿನಿಂದ ಕಂಪನಿಯೊಂದರ ಸಾಫ್ಟ್‌ವೇರು. ಅದು ತಿಂಗಳ ಪಟ್ಟಿ ಕೊಡುವುದಿಲ್ಲ. ನಾಳೆ ಎಷ್ಟು ಹೊತ್ತಿಗೆ ಬರಬೇಕೆಂದು ಇವತ್ತು ಸಂಜೆ ಫೋನಿಗೆ ಸುದ್ದಿ ಕಳಿಸುತ್ತದೆ. ಅಂದರೆ ನಿನ್ನ ನಾಳೆ ನಿನ್ನದಲ್ಲ. ನಿನ್ನ ಮಗುವಿಗೆ ಹಾಲು ಯಾವಾಗ, ನಿನ್ನ ರೆಪ್ಪೆಗೆ ನಿದ್ದೆ ಯಾವಾಗ ಎಂದು ತೀರ್ಮಾನಿಸುವವನು ಎಲ್ಲೋ ತಂಪು ಕೋಣೆಯಲ್ಲಿ ಕೂತವನು. ಕೈಗೆ ಬೇಡಿ ಹಾಕಿದರೆ ಕಾಣುತ್ತದೆ. ನಿದ್ದೆಗೆ ಹಾಕಿದ ಬೇಡಿ ಯಾರಿಗೆ ಕಾಣುತ್ತದೆ? ಆ ಬೇಡಿ ಮುರಿಯಲೆಂದೇ ಇದೇ ಹೆಂಗಸರು ಹಿಂದೊಮ್ಮೆ ಮುಷ್ಕರ ಹೂಡಿದ್ದರು. ಅದರ ನಡುವೆಯೇ, ಗೆದ್ದ ಮೇಲೆ ನಮ್ಮ ಪಾಳಿ ನಾವೇ ಹಾಕುತ್ತೇವೆಂದು ಈ ಪ್ರೋಗ್ರಾಮು ಬರೆಸಿದ್ದರು.

ಬರೆದವರು ಇಬ್ಬರು. ಸಂಘದ ಓದುಕೂಟಕ್ಕೆ ಬರುತ್ತಿದ್ದವರಲ್ಲೇ ಚಿಕ್ಕವಳಾದ ಗುಬ್ಬಿ, ಮತ್ತು ದಪ್ಪ ಕನ್ನಡಕದ ಸೋಡಾಬುಡ್ಡಿ. ದೊಡ್ಡಮ್ಮ ಗುಬ್ಬಿಯ ತಾಯಿಯ ಅಕ್ಕ. ಗುಬ್ಬಿಗೆ ರಕ್ತಸಂಬಂಧದ ದೊಡ್ಡಮ್ಮ, ಉಳಿದವರಿಗೆಲ್ಲ ಪಾಳಿಸಂಬಂಧದ ದೊಡ್ಡಮ್ಮ. ಓದುಕೂಟದಲ್ಲಿ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು. ಅಕ್ಷರ ಬಾರದವರೇ ಅಡ್ಡ ಪ್ರಶ್ನೆ ಹಾಕಿ ಓದುವವರ ನೀರಿಳಿಸುತ್ತಿದ್ದರು. ಆ ಚಾಳಿ ಪ್ರೋಗ್ರಾಮಿಗೂ ಅಂಟಿತು. ಹೊಸ ಪ್ಯಾಕೇಜು ಸೇರಿಸಬೇಕಾದರೆ ಸೋಡಾಬುಡ್ಡಿಯಾಗಲಿ ಗುಬ್ಬಿಯಾಗಲಿ ಎದ್ದು ನಿಂತು, ಇವನು ಯಾರು, ಏನು ಕೆಲಸ ಮಾಡುತ್ತಾನೆ ಎಂದು ಸಭೆಗೆ ಹೇಳಬೇಕು. ಆಮೇಲೆ ಕೈ ಎತ್ತಿಸಬೇಕು.

"ಇವನೊಬ್ಬನೇ ಬರ್ತಾನೋ, ದಿಬ್ಬಣ ಕಟ್ಕೊಂಡು ಬರ್ತಾನೋ?" ದೊಡ್ಡಮ್ಮನ ಮೊದಲ ಪ್ರಶ್ನೆ ಯಾವಾಗಲೂ ಅದೇ.

"ಅವನಿಗೆ ಬೇಕಾದ ಇನ್ನೂ ಕೆಲವರು ಬರ್ತಾರೆ ದೊಡ್ಡಮ್ಮ," ಎಂದು ಸೋಡಾಬುಡ್ಡಿ ತಲೆ ಕೆರೆದುಕೊಳ್ಳುತ್ತಿದ್ದ.

"ಅವರಿಗೆ ಬೇಕಾದೋರು?"

"ಅವರೂ ಬರ್ತಾರೆ."

"ಮನೆ ನಮ್ದೋ ಛತ್ರಾನೋ?"

ಒಮ್ಮೆ ಅಂಕಿಯ ಎಡಕ್ಕೆ ಖಾಲಿ ಜಾಗ ಬಿಡುವ ಪ್ಯಾಕೇಜೊಂದನ್ನು ಅವನು ಸಭೆಗೆ ತಂದಾಗ ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತ್ತು. "ಖಾಲಿ ಜಾಗ ಬಿಡೋಕೂ ಹೊರಗಿನೋನು ಬೇಕೇನೋ? ನಿನ್ನ ತಲೇಲಿ ಬೇಕಾದಷ್ಟಿದೆಯಲ್ಲ, ಅಲ್ಲಿಂದ ತೆಗೆದು ಹಾಕು!" ಒಂದು ಕೈಯೂ ಏಳಲಿಲ್ಲ. ಅದಕ್ಕೆ ಬೇಕಾದ ಎರಡು ಸಾಲು ಅವನೇ ಬರೆದ.

ಹಾಗೆ ನಗಾಡಿಕೊಂಡು ಕಟ್ಟಿದ್ದು. ಆಮೇಲೆ ಸೋಡಾಬುಡ್ಡಿ ಕಂಪನಿ ಸೇರಿದ. ಅದೂ ಎಂಥ ಕಂಪನಿ? ಜನರ ಪಾಳಿ ಹಾಕುವ ಸಾಫ್ಟ್‌ವೇರೇ ಮಾಡುವಂಥದು. ಹೊರಡುವ ದಿನ ಅವನು ಕೋಣೆಯ ಬಾಗಿಲಲ್ಲಿ ನಿಂತಿದ್ದ. ಗುಬ್ಬಿ ತಿರುಗಿ ನೋಡಿರಲಿಲ್ಲ. ಅಲ್ಲಿಂದಾಚೆಗೆ ಮಾತಿಲ್ಲ, ಕತೆಯಿಲ್ಲ.

ಪರದೆಯ ಮೇಲಿನ ಸಾಲುಗಳು ನಿಂತವು. ಎಲ್ಲ ಹಸಿರು. ಒಂದು ದೂರೂ ಇಲ್ಲ. ಗುಬ್ಬಿ ಪ್ರೋಗ್ರಾಮು ಓಡಿಸಿದಳು. ಪ್ರಿಂಟರು ಕೆಮ್ಮಿ, ಪಟ್ಟಿಯನ್ನು ಉಗುಳಿತು.

"ತಗೋ ದೊಡ್ಡಮ್ಮ, ನಿನ್ನ ಮುಂದಿನ ತಿಂಗಳು!"

ದೊಡ್ಡಮ್ಮ ಪಟ್ಟಿಯನ್ನು ಬೆಳಕಿಗೆ ಹಿಡಿದಳು. ಮೊದಲು ನೋಡುವುದು ಮಂಗಳವಾರದ ಸಾಲನ್ನು. ಒಂದು ವಾರ ರಾತ್ರಿಪಾಳಿ ಮಾಡಿದವಳಿಗೆ ಮಂಗಳವಾರ ಪೂರ್ತಿ ಬಿಡುವು, ಬುಧವಾರದಿಂದ ಬೆಳಗಿನ ಪಾಳಿ. ಮುಷ್ಕರದಲ್ಲಿ ಗೆದ್ದದ್ದು ಆ ಖಾಲಿ ಚೌಕಗಳನ್ನೇ. ಅವಳ ಹುಬ್ಬು ಗಂಟಾಯಿತು.

"ಇದೇನೇ ಗುಬ್ಬಿ? ಸೋಮವಾರ ಬೆಳಗ್ಗೆ ಆರಕ್ಕೆ ರಾತ್ರಿಪಾಳಿ ಬಿಡ್ತಾಳೆ. ಆರಕ್ಕೇ ಬೆಳಗಿನ ಪಾಳಿ ಹಿಡೀತಾಳೆ. ನಿದ್ದೆ ಏನು ಲಿಫ್ಟಲ್ಲಿ ಮಾಡ್ತಾಳಾ?"

ಗುಬ್ಬಿ ಪಟ್ಟಿಯನ್ನು ಕಿತ್ತುಕೊಂಡು ನೋಡಿದಳು. ನಿಜ. ಪಾಳಿಗಳೆಲ್ಲ ಬುಧವಾರದ ಬದಲು ಸೋಮವಾರಕ್ಕೇ ಹೊರಳಿದ್ದವು. ನಡುವಿನ ಬಿಡುವಿನ ದಿನವೇ ಮಾಯ. ಪಟ್ಟಿಯೇ ಇಲ್ಲದಿರುವುದಕ್ಕಿಂತ ಇದು ಕೆಟ್ಟದ್ದು. ಇಂಥ ಪಟ್ಟಿ ಗೋಡೆಗೆ ಬಿದ್ದರೆ, ನೀವು ಗೆದ್ದದ್ದನ್ನು ನೀವೇ ಬಿಟ್ಟುಕೊಟ್ಟಿರಿ ಎಂದು ಆಡಳಿತಾಧಿಕಾರಿ ಹಲ್ಲು ಕಿರಿಯುತ್ತಾನೆ.

"ಆಗೋಕೆ ಸಾಧ್ಯವೇ ಇಲ್ಲ," ಎಂದಳು. "ನಮ್ಮ ಪ್ರೋಗ್ರಾಮಲ್ಲಿ ಒಂದಕ್ಷರ ಬದಲಾಗಿಲ್ಲ. ಪ್ಯಾಕೇಜುಗಳೂ ಅವೇ, ಆವೃತ್ತಿಗಳೂ ಅವೇ. ಬೀಗದ ಫೈಲು ಸುಳ್ಳು ಹೇಳಲ್ಲ."

"ಬೀಗ ಸುಳ್ಳು ಹೇಳಲ್ಲ ಕಣೇ. ಬೀಗ ಹಾಕೋಕೆ ಮುಂಚೆ ಒಳಗೆ ಏನಿತ್ತು ಅಂತ ನೋಡಿದೀಯಾ?"

ಗುಬ್ಬಿ ತಮ್ಮ ಸಾಲುಗಳನ್ನೆಲ್ಲ ಜಾಲಾಡಿದಳು. ಬುಧವಾರ ಎಂಬ ಮಾತೇ ಎಲ್ಲೂ ಇರಲಿಲ್ಲ! ವಾರ ಬುಧವಾರ ಶುರುವಾಗಬೇಕೆಂದು ಪ್ರೋಗ್ರಾಮಿಗೆ ಯಾರೂ ಹೇಳಿರಲೇ ಇಲ್ಲ. ಆದರೂ ಇಷ್ಟು ಕಾಲ ಅದು ಸರಿಯಾದ ಪಟ್ಟಿಯನ್ನೇ ಕೊಟ್ಟಿತ್ತು. ಅವಳಿಗೆ ಆ ಸಂಜೆ ನೆನಪಾಯಿತು. ಗೆದ್ದ ಬುಧವಾರ. ಕೋಣೆ ತುಂಬ ಜನ, ಮೆಟ್ಟಿಲ ಮೇಲೂ ಜನ, ಕೆಳಗೆ ಅಂಗಡಿಯವನು ಇದ್ದಬದ್ದ ಸೈಕಲ್ ಬೆಲ್ಲುಗಳನ್ನೆಲ್ಲ ಒಟ್ಟಿಗೇ ಬಾರಿಸುತ್ತಿದ್ದ. ಬೆಂಚು ಹತ್ತಿದ ದೊಡ್ಡಮ್ಮ "ಇವತ್ತಿಂದ ನಮ್ಮ ವಾರ ಬುಧವಾರ ಶುರು!" ಎಂದು ಕೂಗಿದ್ದಳು. ಸೋಡಾಬುಡ್ಡಿ ಆ ಗದ್ದಲದ ನಡುವೆ ಇಸ್ತ್ರಿ ಮೇಜಿನ ಮೇಲೆ ಬಗ್ಗಿ, ಚಹಾ ಆರುವಷ್ಟರಲ್ಲಿ "ಆಯ್ತು, ಶುರು!" ಎಂದಿದ್ದ. ಎಲ್ಲರೂ ಕುಣಿದರು. ಏನು ಮಾಡಿದನೆಂದು ಯಾರು ಕೇಳಿದರು?

ಫೋನಿನಲ್ಲಿ ಅವನ ಹೆಸರು ಅಳಿಸದೇ ಹಾಗೇ ಉಳಿದಿತ್ತು. ಬೆರಳು ಅದರ ಮೇಲೆ ಹೋಗಿ ನಿಂತಿತು.

"ನಿನ್ನ ಜಂಭ ದೊಡ್ಡದೋ, ಇವರ ಮಂಗಳವಾರ ದೊಡ್ಡದೋ?" ಎಂದಳು ದೊಡ್ಡಮ್ಮ.

ಗುಬ್ಬಿ ಒತ್ತಿದಳು, ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟಳು.

"ಹಲೋ... ಗುಬ್ಬೀನಾ?"

"ಸಂಘದಿಂದ ಮಾತಾಡ್ತಿದೀನಿ," ಎಂದಳು ಗುಬ್ಬಿ, ಧ್ವನಿಯನ್ನು ಗಂಜಿ ಹಾಕಿದ ಬಟ್ಟೆಯ ಹಾಗೆ ಸೆಟೆಸಿ. "ಆವತ್ತು ವಾರಾನ ಬುಧವಾರಕ್ಕೆ ಎಲ್ಲಿ ತಿರುಗಿಸಿದೆ? ನಮ್ಮ ಫೈಲುಗಳಲ್ಲಿ ಇಲ್ಲ."

"ಹೊಸ ಯಂತ್ರಕ್ಕೆ ಹಾಕಿದ್ರಾ?"

"ಹ್ಞೂಂ."

"ಅಯ್ಯೋ ರಾಮ! ದಿನಾಂಕದ ಪ್ಯಾಕೇಜಿಗೆ ವಾರ ಅಂದ್ರೆ ಸೋಮವಾರಾನೇ ಕಣೇ. ಬದಲಾಯಿಸೋ ದಾರಿ ಕೊಟ್ಟಿರಲಿಲ್ಲ. ನಾನು ಅದರ ಹೊಟ್ಟೆಗೇ ಕೈ ಹಾಕಿ ಒಂದು ಸಾಲು ತಿದ್ದಿದೆ. ಅದೇ ಯಂತ್ರದಲ್ಲಿ, ಇಳಿಸಿಕೊಂಡ ಫೋಲ್ಡರಿನಲ್ಲೇ."

ಗುಬ್ಬಿಗೆ ಎಲ್ಲ ನಿಚ್ಚಳವಾಯಿತು. ಎರವಲು ತಂದ ಪ್ಯಾಕೇಜುಗಳ ಫೋಲ್ಡರನ್ನು ಯಾರೂ ನಕಲು ಮಾಡಿಡುವುದಿಲ್ಲ. ಬೇಕಾದಾಗ ಸಲಕರಣೆ ಮತ್ತೆ ತರುತ್ತದಲ್ಲ! ಅದು ನಿಯತ್ತಾಗಿ ತಂದಿತು. ತಂದದ್ದು ಮೂಲದ್ದನ್ನು, ಅದರಲ್ಲಿ ಸೋಡಾಬುಡ್ಡಿಯ ಬುಧವಾರ ಇರಲಿಲ್ಲ. ಹಳೆಯ ಯಂತ್ರ ಸತ್ತಾಗ ಅದೂ ಜೊತೆಗೇ ಸತ್ತಿತ್ತು.

"ಪ್ರತಿಯೊಂದಕ್ಕೂ ಕೈ ಎತ್ತಿಸ್ತಿದ್ದೋನು, ಅದಕ್ಕೆ ಯಾಕೆ ಎತ್ತಿಸಲಿಲ್ಲ?"

"ಎಲ್ಲರ ಕೈಯೂ ಮೇಲೇ ಇತ್ತಲ್ಲೇ ಆವತ್ತು! ಕುಣೀತಾ ಇದ್ರಿ."

ಗುಬ್ಬಿಗೆ ನಗು ಉಕ್ಕಿ ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ.

"ನಗು ಆಮೇಲೆ," ಎಂದಳು ದೊಡ್ಡಮ್ಮ. "ಅದೇ ಒಂದು ಸಾಲು ತಿದ್ದು, ಮುಗೀತಲ್ಲ?"

"ಹಾಗೆ ತಿದ್ದಿದ್ರೆ ಮುಂದಿನ ಯಂತ್ರದಲ್ಲಿ ಮತ್ತೆ ಇದೇ ರಾಮಾಯಣ ದೊಡ್ಡಮ್ಮ," ಎಂದಳು ಗುಬ್ಬಿ. "ಆ ಪ್ಯಾಕೇಜನ್ನೇ ನಮ್ಮ ಮನೆ ಒಳಗೆ ತಂದಿಟ್ಕೋಬೇಕು. ನಮ್ಮ ಫೈಲುಗಳ ಜೊತೆಗೇ. ಇನ್ಮೇಲೆ ಇದನ್ನ ಹೊರಗಿಂದ ತರಬೇಡ, ಇಲ್ಲಿಂದ ತಗೋ ಅಂತ ಸಲಕರಣೆಗೆ ಹೇಳಬೇಕು."

"ಅಂದ್ರೆ ನೆಂಟನ್ನ ದತ್ತು ತಗೊಂಡ ಹಾಗೆ."

"ಹಾಗೇ."

"ದತ್ತು ಅಂದ್ಮೇಲೆ ಸಭೆ ಆಗಲೇಬೇಕು."

ಬೆಳಗಿನ ಪಾಳಿ ಬಿಟ್ಟವರು ಅಷ್ಟರಲ್ಲಿ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದಿದ್ದರು. ಗುಬ್ಬಿ ಎದ್ದು ನಿಂತಳು. ಎಷ್ಟೋ ಕಾಲದ ಮೇಲೆ ಆ ಕೋಣೆಯಲ್ಲಿ ಹೀಗೆ ಎದ್ದು ನಿಂತದ್ದು. ಇವನು ಯಾರು, ಏನು ಮಾಡುತ್ತಾನೆ, ಇವನ ಯಾವ ಸಾಲನ್ನು ತಿದ್ದುತ್ತೇವೆ, ತಿದ್ದಿದ ಮೇಲೆ ಇವನ ಯೋಗಕ್ಷೇಮ ನಮ್ಮದೇ ಎಂದೆಲ್ಲ ಹೇಳಿದಳು. ಕೈಗಳು ಎದ್ದವು. ನೀರಲ್ಲಿ ನೆನೆದು ನೆನೆದು ಬೆರಳ ತುದಿ ಸುಕ್ಕುಗಟ್ಟಿದ ಕೈಗಳು. ನಿದ್ದೆ ಕದಿಯುವವರು ಒಮ್ಮೆ ಬಂದು ಈ ಕೈಗಳನ್ನು ಮುಟ್ಟಿ ನೋಡಲಿ.

ಮೇಜಿನ ಮೇಲಿದ್ದ ಫೋನು ಮಾತಾಡಿತು. "ನಂದೂ ಒಂದು ಕೈ ಎತ್ತಿದೀನಿ. ಲೆಕ್ಕಕ್ಕೆ ಬರುತ್ತಾ?"

ಮುಖಗಳೆಲ್ಲ ಫೋನಿನ ಕಡೆ ತಿರುಗಿದವು.

"ನಿನ್ನ ಕೈ ಈಗ ಯಾರ ಮನೇದೋ?" ಎಂದಳು ದೊಡ್ಡಮ್ಮ.

"ಹಗಲು ಅವರದ್ದೇ ದೊಡ್ಡಮ್ಮ. ಸುಳ್ಳು ಯಾಕೆ ಹೇಳಲಿ."

"ಈಗ ಹಗಲೇ."

"ಗೊತ್ತು. ಆದರೂ ಎತ್ತಿದೀನಿ."

ದೊಡ್ಡಮ್ಮ ಗುಬ್ಬಿಯನ್ನು ನೋಡಿದಳು, ತೀರ್ಪು ನಿನ್ನದು ಎಂಬಂತೆ. ಗುಬ್ಬಿ ಕೀಲಿಮಣೆಗೆ ಬಗ್ಗಿದಳು. ಸಾಲು ತಿದ್ದಿದಳು. ಬದಲಾವಣೆಯ ಟಿಪ್ಪಣಿಯಲ್ಲಿ ಬರೆದಳು: ವಾರ ಬುಧವಾರ ಶುರು. ಎಲ್ಲರೂ ಒಪ್ಪಿದ್ದಾರೆ, ಫೋನಿನಲ್ಲಿದ್ದವನೂ ಸೇರಿ. ಆಮೇಲೆ, ಇಳಿಸಿಕೊಂಡದ್ದನ್ನೆಲ್ಲ ಅಳಿಸಿ, ಮೊದಲಿನಿಂದ ಮತ್ತೆ ಅದೇ ಆಜ್ಞೆ ಕೊಟ್ಟಳು. ನೆಂಟರೆಲ್ಲ ಹೊರಗಿನಿಂದ ಬಂದರು. ಒಬ್ಬ ಮಾತ್ರ ಒಳಮನೆಯಿಂದ ಎದ್ದು ಬಂದ. ಪ್ರಿಂಟರು ಕೆಮ್ಮಿತು.

ಆಡಳಿತಾಧಿಕಾರಿ ಬಂದಾಗ ಪಟ್ಟಿ ಗೋಡೆಯ ಮೇಲಿತ್ತು. ತಪ್ಪು ಹುಡುಕುತ್ತ ಬೆರಳನ್ನು ಮೇಲಿಂದ ಕೆಳಗೆ ಎಳೆದ. ಬೆರಳು ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ಮುಂದಿನ ಸಲ ನೋಡೋಣ," ಎಂದ.

"ನೋಡೋಣ ಸ್ವಾಮಿ," ಎಂದಳು ದೊಡ್ಡಮ್ಮ. "ಮಂಗಳವಾರ ಬಿಟ್ಟು ಬನ್ನಿ. ಆವತ್ತು ಕೆಲವರು ಮಲಗಿರ್ತಾರೆ."

ಅವನು ಇಳಿದು ಹೋದ ಮೇಲೆ ಹೆಂಗಸರು ಗೋಡೆಗೆ ಮುತ್ತಿಗೆ ಹಾಕಿ ತಮ್ಮ ತಮ್ಮ ಖಾಲಿ ಚೌಕಗಳನ್ನು ಹುಡುಕತೊಡಗಿದರು. ಗುಬ್ಬಿ ಮೇಜಿನ ಕಡೆ ತಿರುಗಿದಳು. ಫೋನಿನ ದೀಪ ಇನ್ನೂ ಆರಿರಲಿಲ್ಲ.

"ಇನ್ನೂ ಇದೀಯೇನೋ? ಕಂಪನಿ ಹೊತ್ತಲ್ಲಿ ಏನು ಮಾಡ್ತಾ ಕೂತಿದೀಯ?"

"ಕೆಳಗೆ ಯಾರೋ ಬೆಲ್ ಹೊಡೀತಾ ಇದಾರೆ," ಎಂದ ಸೋಡಾಬುಡ್ಡಿ. "ಕೇಳ್ತಾ ಇದೀನಿ."

ಗುಬ್ಬಿ ಫೋನನ್ನು ಎತ್ತಿಕೊಂಡು ಹೋಗಿ ಕಿಟಕಿಯ ಅಂಚಿನ ಮೇಲೆ ಇಟ್ಟಳು.