ಮಂತ್ರಿ ತಿಂದ ಮೀನು

ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಮೈಕಮ್ಮನಿಗೆ ಅನುಮಾನ ಬಂತು. ಒಂದು ಬಂಗುಡೆ ಎತ್ತಿಕೊಂಡು ಹೆಬ್ಬೆರಳಿನಿಂದ ಕಿವಿರು ಬಿಡಿಸಿ ನೋಡಿದಳು. ಕೆಂಪಗಿತ್ತು. ಮೂಗಿನ ಹತ್ತಿರ ಹಿಡಿದಳು. ಉಪ್ಪುನೀರಿನ ವಾಸನೆ ಬಿಟ್ಟರೆ ಇನ್ನೇನೂ ಇರಲಿಲ್ಲ.

"ಇದು ನಮ್ಮ ಕೊಲ್ಲೀದಲ್ಲ," ಎಂದಳು.

ಎಣ್ಣೆ ಕಂಪನಿಯ ಪ್ರಚಾರದ ಅಧಿಕಾರಿ ಒಮ್ಮೆ ಸುತ್ತಲೂ ನೋಡಿದ. "ಮೀನು ಅಂದ್ರೆ ಮೀನು ಅಲ್ವೇನಮ್ಮ. ಅದರ ಹಣೇಲಿ ಊರಿನ ಹೆಸರು ಬರ್ದಿರುತ್ತಾ?"

"ಬರ್ದಿರುತ್ತೆ ಸ್ವಾಮಿ. ಓದೋಕೆ ಬರ್ಬೇಕು ಅಷ್ಟೆ."

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಹಡಗುಗಳಿಂದ ಕಂಪನಿಯ ಟ್ಯಾಂಕುಗಳಿಗೆ ಕಚ್ಚಾ ಎಣ್ಣೆ ಸಾಗಿಸುವ ಪೈಪು ನೀರಿನಡಿ ಬಿರುಕು ಬಿಟ್ಟು ಐದು ತಿಂಗಳಾಗಿತ್ತು. ಎರಡು ದಿನ ಯಾರೂ ಅದನ್ನು ಮುಚ್ಚಲಿಲ್ಲ. ಮೂರನೆಯ ದಿನ ಮೈಕಮ್ಮ ಒಂದು ಕೊಡ ಕಪ್ಪುನೀರು ಹೊತ್ತು ಕಂಪನಿಯ ಗೇಟಿಗೆ ಹೋಗಿ, ಕಚೇರಿಯ ಮೆಟ್ಟಿಲ ಮೇಲೆ ಸುರಿದು, ಕಿಟಕಿ ಗಾಜು ಅದುರುವಂತೆ ಬೈದಿದ್ದಳು. ಮೀನು ಮಾರುಕಟ್ಟೆಯ ಆ ತುದಿಯಲ್ಲಿ ಕೂಗಿದರೆ ಈ ತುದಿಗೆ ಕೇಳುವ ಗಂಟಲು ಅವಳದು. ಮೈಕಮ್ಮ ಎಂಬ ಹೆಸರು ಬಂದದ್ದೂ ಅದರಿಂದಲೇ. ಸರ್ಕಾರ ಮೀನು ಹಿಡಿಯುವುದನ್ನು ಮೂರು ತಿಂಗಳು ನಿಲ್ಲಿಸಿತು. ಆಮೇಲೆ ಹಿಡಿಯಬಹುದು ಅಂದಿತು. ಹಿಡಿದರು, ಕೊಳ್ಳುವವರು ಬರಲಿಲ್ಲ.

ಈಗ ಕಂಪನಿಗೆ ಅದೇ ಗಂಟಲು ಬೇಕಾಗಿತ್ತು. ಅಧಿಕಾರಿ ಮೂರು ಸಲ ಮನೆಗೆ ಬಂದು, ನೆಲದ ಮೇಲೆ ಕೂತು, ಕೊಟ್ಟ ಚಹಾ ಕುಡಿದು ಹೇಳಿದ್ದ: "ನಾವು ಹೇಳಿದ್ರೆ ಜನ ನಂಬಲ್ಲ. ಮಂತ್ರಿಗಳು ಬಂದು ಮೀನು ತಿನ್ನೋ ದಿನ ಟಿವಿ ಮುಂದೆ ನೀವು ಹೇಳಿದ್ರೆ ನಂಬ್ತಾರೆ. ನಿಮ್ಮ ಯಜಮಾನ್ರ ಕೆಲಸ ಕಾಯಂ ಮಾಡ್ಸೋದು ನನ್ನ ಜವಾಬ್ದಾರಿ." ಅವಳ ಗಂಡ ಸ್ವಂತ ದೋಣಿ ನಡೆಸಿದವನು. ಈಗ ಕಂಪನಿಯ ಹದಿನೈದು ದಿನದ ಕೆಲಸದ ಚೀಟಿಯ ಮೇಲೆ ಎಣ್ಣೆ ಮೆತ್ತಿದ ದಡದ ಬಂಡೆಗಳನ್ನು ಬ್ರಶ್ಶಿನಿಂದ ಉಜ್ಜುತ್ತಿದ್ದ. ಎಷ್ಟು ತೊಳೆದರೂ ಅವನ ಉಗುರಿನ ಸಂದಿ ಬೆಳ್ಳಗಾಗುತ್ತಿರಲಿಲ್ಲ. ಚೀಟಿ ಮುಗಿಯುವ ದಿನ ಬಂದರೆ ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದ. ಅವನು ಅವಳಿಗೆ ಒಪ್ಪಿಕೋ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮಾರುಕಟ್ಟೆಯ ಹೆಂಗಸರು ಮಾತ್ರ ಬಾಯಿಬಿಟ್ಟೇ ಕೇಳಿದರು: "ನಿನ್ನ ಒಂದು ಮಾತಿಂದ ನಮ್ಮೆಲ್ಲರ ಒಲೆ ಉರಿಯುತ್ತೆ ಕಣೇ."

ಆ ಐಸ್ ಪೆಟ್ಟಿಗೆಯ ಮೀನು ತೊಳೆಯುವಷ್ಟರಲ್ಲಿ ಮಂತ್ರಿಗಳ ಕಾರು ಬಂತು. ಟಿವಿಯ ಹುಡುಗಿಯೊಬ್ಬಳು ಅವಳ ಸೆರಗಿಗೆ ಪುಟ್ಟ ಮೈಕು ಸಿಕ್ಕಿಸುವಾಗ ಪಕ್ಕದ ಅಂಗಡಿಯವಳು, "ಅವಳಿಗ್ಯಾಕಮ್ಮ ಅದು, ದಂಡಕ್ಕೆ!" ಎಂದಳು. ಎಲ್ಲರೂ ನಕ್ಕರು. ಮೈಕಮ್ಮ ಮೀನು ಹುರಿದಳು. ಮಂತ್ರಿಗಳು ಎರಡು ತುಂಡು ತಿಂದು, ಬೆರಳು ನೆಕ್ಕಿ, "ನಮ್ಮ ಸಮುದ್ರ ನಮಗೆ ವಾಪಸ್ ಸಿಕ್ಕಿದೆ," ಎಂದರು. ಎಲ್ಲರೂ ಅವಳ ಕಡೆ ತಿರುಗಿದರು.

"ಇದು ನಮ್ಮ ಕೊಲ್ಲಿಯ ಮೀನು. ನಮ್ಮ ಮನೇಲೂ ಇದನ್ನೇ ತಿಂತೀವಿ."

"ಸ್ವಲ್ಪ ಜೋರಾಗಿ ಹೇಳಿ, ಕೇಳಿಸ್ತಿಲ್ಲ," ಎಂದ ಕ್ಯಾಮೆರಾದವನು.

ಅವಳು ಜೋರಾಗಿ ಹೇಳಿದಳು.

ವಾರದೊಳಗೆ ಗಂಡನ ಕೈಗೆ ಕಾಯಂ ಪತ್ರ ಬಂತು, ಕೊರಳಿಗೆ ಫೋಟೋ ಇರುವ ಕಾರ್ಡು ಬಂತು. ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಮೈಕಮ್ಮನ ಅಂಗಡಿಯ ಮುಂದೆ ಸಾಲು ಎಲ್ಲಕ್ಕಿಂತ ಉದ್ದ. ಅವಳ ಹಲಗೆಯ ಮೇಲಿದ್ದದ್ದು ಕೊಲ್ಲಿಯ ಮೀನೇ. ಬೆಳಗ್ಗೆ ಬುಟ್ಟಿ ಇಳಿಸುವಾಗಲೇ ಸೀಮೆಎಣ್ಣೆ ವಾಸನೆಯ ಎಳೆಯೊಂದು ಮೂಗಿಗೆ ತಾಗಿತ್ತು. ತಣ್ಣೀರಿನಲ್ಲಿ ನಾಲ್ಕು ಸಲ ತೊಳೆದ ಮೇಲೆ, ಗೊತ್ತಿಲ್ಲದವರಿಗೆ ಗೊತ್ತಾಗದಷ್ಟಾಗಿತ್ತು.

ಅಷ್ಟರಲ್ಲಿ ಸಾಲಿನ ಪಕ್ಕದಿಂದ ಅಕ್ಕನ ಮಗಳು ಬಂದಳು. ಏಳು ತಿಂಗಳ ಬಸುರಿ, ಏದುಸಿರು ಬಿಡುತ್ತಿದ್ದಳು. ಕೊಲ್ಲಿಯ ಮೀನು ಮುಟ್ಟುವುದಿಲ್ಲ ಎಂದು ಅವಳಿಂದ ಆಣೆ ಮಾಡಿಸಿದ್ದವಳು ಮೈಕಮ್ಮನೇ.

"ಚಿಕ್ಕಮ್ಮ, ನಿನ್ನ ಟಿವೀಲಿ ನೋಡ್ದೆ! ಅಮ್ಮ ಈಗ್ಲೂ ಬೇಡ ಅಂತಾಳೆ. ಚಿಕ್ಕಮ್ಮ ಸುಳ್ಳು ಹೇಳೋಳಲ್ಲ ಅಂತ ಜಗಳ ಆಡ್ಕೊಂಡೇ ಬಂದೆ. ನಾಲ್ಕು ಕೊಡು."

"ಇದೆಲ್ಲ ಮಾರಾಗಿದೆ."

"ಇಷ್ಟೂ?"

"ಇಷ್ಟೂ."

ಹುಡುಗಿ ಮೀನಿನ ರಾಶಿಯನ್ನೂ ಸಾಲನ್ನೂ ನೋಡಿ ನಕ್ಕಳು. "ಸಾಲಲ್ಲಿ ಬಾ ಅಂತೀಯಾ? ಆಯ್ತು, ನಿಂತ್ಕೋತೀನಿ ಬಿಡು."

ಮೈಕಮ್ಮ ಹಲಗೆ ದಾಟಿ ಬಂದು ಅವಳ ಮಣಿಕಟ್ಟು ಹಿಡಿದು ಪೆಟ್ಟಿಗೆಗಳ ಹಿಂದಕ್ಕೆ ಎಳೆದುಕೊಂಡು ಹೋದಳು.

"ತಿನ್ಬೇಡ," ಎಂದಳು ಪಿಸುದನಿಯಲ್ಲಿ.

"ನೀನೇ ಹೇಳಿದ್ಯಲ್ಲ..."

"ಅಲ್ಲಿ ಹೇಳಿದ್ದೂ ನಾನೇ, ಇಲ್ಲಿ ಹೇಳ್ತಿರೋದೂ ನಾನೇ. ಮಗು ಹುಟ್ಟಿ ಹಾಲು ಬಿಡೋವರೆಗೂ ಈ ಕಡೆ ತಲೆ ಹಾಕ್ಬೇಡ. ನಮ್ಮಿಂದಲೂ ಬೇಡ, ಬೇರೆಯವರಿಂದಲೂ ಬೇಡ."

ಹುಡುಗಿಯ ಕೈ ಹೊಟ್ಟೆಯ ಮೇಲೆ ಹೋಯಿತು. ಪೆಟ್ಟಿಗೆಗಳ ಸಂದಿಯಿಂದ ಅವಳು ಸಾಲನ್ನು ನೋಡಿದಳು. ಕಂಕುಳಲ್ಲಿ ಕೂಸನ್ನು ಎತ್ತಿಕೊಂಡವರಿದ್ದರು, ಮಡಚಿದ ಚೀಲ ಹಿಡಿದ ಮುದುಕರಿದ್ದರು.

"ಹಾಗಾದ್ರೆ ಅವರು?"

ಹುಡುಗಿ ಮಣಿಕಟ್ಟನ್ನು ಮೆಲ್ಲಗೆ ಬಿಡಿಸಿಕೊಂಡು, ಅಂಟಿದ್ದ ಹುರುಪೆಗಳನ್ನು ಸೆರಗಿನಿಂದ ಒರೆಸಿಕೊಂಡಳು. ಹೋಗಿಬರ್ತೀನಿ ಎಂದು ಹೇಳದೆ ಹೊರಟುಹೋದಳು.

"ಏನಮ್ಮ, ಕೊಡ್ತೀರೋ ಇಲ್ವೋ?" ಸಾಲಿನ ಮುಂದಿದ್ದ ಬಸ್ ಕಂಡಕ್ಟರ್ ಕೂಗಿದ. ಅವಳು ಹಲಗೆಯ ಹಿಂದೆ ಬಂದು ನಿಂತಾಗ ಅವನ ದನಿ ಮೆತ್ತಗಾಯಿತು. "ನಿಮ್ಮ ಮಾತು ಕೇಳಿಯೇ ಬಂದದ್ದು. ಐದು ತಿಂಗಳಿಂದ ಮನೇಲಿ ಮಕ್ಕಳು ಪ್ರಾಣ ಹಿಂಡ್ತಿದ್ರು."

ಅವಳು ಮೂರು ದಪ್ಪ ಬಂಗುಡೆ ಆರಿಸಿ ಹಲಗೆಯ ಮೇಲಿಟ್ಟಳು. ಕತ್ತಿ ಕೈಗೆ ತೆಗೆದುಕೊಂಡಳು.

"ತಲೆ ತೆಗೀಲಾ?"

"ಅಯ್ಯೋ ಬೇಡ, ಇರ್ಲಿ. ಚಿಕ್ಕೋಳಿಗೆ ತಲೆ ಅಂದ್ರೆ ಜೀವ."

ಅವಳು ಮೊದಲ ಮೀನಿನ ಹೊಟ್ಟೆ ಸೀಳಿದಳು. ಸಾಲು ಐಸ್ ಅಂಗಡಿ ದಾಟಿ ರಸ್ತೆಗೆ ಇಳಿದಿತ್ತು.